ಎಡಗಿವಿಯ ಗುರುತು

1988ರ ನವೆಂಬರಿನಲ್ಲಿ ನಾನು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ಕೆಲಸಕ್ಕೆ ಸೇರಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಪೆಥಾಲಜಿಸ್ಟ್ ಎಂದರೆ ರೋಗಿಯ ಮುಖ ನೋಡದ ಡಾಕ್ಟರ್ ಎಂದು ನಮ್ಮಣ್ಣ ಹಾಸ್ಯ ಮಾಡುತ್ತಿದ್ದ. ಅದು ಪೂರ್ತಿ ಸುಳ್ಳಲ್ಲ. ಸರ್ಜನ್ನರು ಕತ್ತರಿಸಿ ಕೊಟ್ಟ ತುಣುಕು ಫಾರ್ಮಲಿನ್ ಬಾಟಲಿಯಲ್ಲಿ ನನ್ನ ಕೋಣೆಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ನೋಡಿ ಇದು ಇಂಥ ರೋಗ ಎಂದು ಬರೆದುಕೊಡುವುದು ನನ್ನ ಕೆಲಸ. ಇಂಥ ತುಣುಕಿಗೆ ಬಯಾಪ್ಸಿ ಎನ್ನುತ್ತೇವೆ. ಲೆಕ್ಕ ಇಡುವುದು ನನಗೆ ಮೊದಲಿನಿಂದ ಬಂದ ಚಾಳಿ. ಆ ವರ್ಷ ಅಲ್ಲಿಯವರೆಗೆ 412 ಬಯಾಪ್ಸಿ ನೋಡಿದ್ದೆ. ಕಿವಿಯ ಕ್ಯಾನ್ಸರ್ ಒಂದೂ ಇರಲಿಲ್ಲ.

ಕಿವಿ, ಮೂಗು, ಗಂಟಲಿನ ಸರ್ಜನ್ ಆಗಿದ್ದವರು ಡಾ. ಖಾದರ್. ನಿವೃತ್ತಿಗೆ ಹತ್ತಿರವಾಗಿದ್ದರು. ಅವರು ತಮ್ಮ ಇಡೀ ಸರ್ವೀಸಿನಲ್ಲಿ ಕಿವಿಯ ಕಾಲುವೆಯ ಕ್ಯಾನ್ಸರ್ ಎರಡೇ ಎರಡು ಕಂಡಿದ್ದರಂತೆ. ಆ ಇಬ್ಬರಿಗೆ ಮುಂದೆ ಏನಾಯಿತೆಂದು ಅವರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಮೂರನೆಯವನು ಬೀರಪ್ಪ. ದೇವದುರ್ಗ ತಾಲೂಕಿನ ಜಾಲಹಳ್ಳಿಯ ಕಡೆಯ ಕುರಿಗಾರ. ವಯಸ್ಸು ನಲವತ್ತರ ಮೇಲೆ. ಮೂರು ವರ್ಷದಿಂದ ಎಡಗಿವಿ ಸೋರುತ್ತಿತ್ತು. ನಮ್ಮ ಕಡೆ ಕಿವಿ ಸೋರುವುದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ, ಅರಳೆ ತುರುಕುತ್ತಾರೆ, ಮರೆಯುತ್ತಾರೆ. ಆದರೆ ಈಚೆಗೆ ಅವನಿಗೆ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ, ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ಖಾದರ್ ಸಾಹೇಬರಿಗೆ ಅನುಮಾನ ಬಂದದ್ದು ಆ ನೋವಿನಿಂದಲೇ. ಸುಮ್ಮನೆ ಸೋರುವ ಕಿವಿ ಅಷ್ಟು ನೋಯುವುದಿಲ್ಲ. ಕಾಲುವೆಯೊಳಗೆ ಕಂಡ ಕೆಂಪು ಮಾಂಸದಿಂದ ಒಂದು ಚೂರು ತೆಗೆದು ನನಗೆ ಕಳಿಸಿದರು.

ಆ ಚೂರಿನಲ್ಲಿ ಸತ್ತ ಮಾಂಸ ಮತ್ತು ಕೀವಿನ ಕಣಗಳೇ ತುಂಬಿದ್ದವು. ಒಂದು ಮೂಲೆಯಲ್ಲಿ ಮಾತ್ರ ಚರ್ಮದ ಜೀವಕೋಶಗಳು ಕೆಳಗಿಳಿದಂತೆ ಕಂಡವು. ಬಹಳ ದಿನ ಸೋರಿದ ಕಿವಿಯಲ್ಲೂ ಹಾಗೆ ಕಾಣಬಹುದು, ಕ್ಯಾನ್ಸರಿನಲ್ಲೂ ಕಾಣಬಹುದು. ಹೌದು ಎಂದು ಬರೆದರೆ ಅವನ ಕಿವಿ ಹೋಗುತ್ತದೆ, ಅಲ್ಲ ಎಂದು ಬರೆದರೆ ಜೀವ ಹೋಗಬಹುದು. ಬರೆಯಲು ಧೈರ್ಯವಾಗದೆ, ಇನ್ನೊಂದು ತುಣುಕು, ಸ್ವಲ್ಪ ಆಳದಿಂದ ಬೇಕು ಎಂದು ಸಾಹೇಬರಿಗೆ ಹೇಳಿದೆ. ಆ ತುಣುಕು ಹಾಳಾಗಬಾರದೆಂದು ನಾನೇ ಬಾಟಲಿ ಹಿಡಿದುಕೊಂಡು ವಾರ್ಡಿಗೆ ಹೋದೆ.

ಬೀರಪ್ಪ ಮಂಚದ ಮೇಲೆ ಕೂತಿದ್ದ. ಅವನ ಹೆಂಡತಿ ಹುಲಿಗೆವ್ವ ಊರಿಗೆ ಹೋಗಿದ್ದಳು. ಒಮ್ಮೆ ಕೊಯ್ದಾಯಿತು, ಮತ್ತೇಕೆ ಎಂದು ಅವನು ಕೇಳಿದ. ನಾನು ಹುಟ್ಟಿ ಬೆಳೆದದ್ದು ರಾಯಚೂರು ಪೇಟೆಯಲ್ಲಿ, ಕುರಿಯನ್ನು ಹತ್ತಿರದಿಂದ ನೋಡಿದವಳೂ ಅಲ್ಲ. ಅಂಗಾಂಶದಲ್ಲಿ ರೋಗದ ಸ್ವಭಾವವನ್ನು ತೋರಿಸುವ ಚಿಹ್ನೆಗೆ ನಮ್ಮ ಪುಸ್ತಕಗಳಲ್ಲಿ ಮಾರ್ಕರ್ ಎನ್ನುತ್ತಾರೆ. ಅದಕ್ಕೆ ಅವನಿಗೆ ತಿಳಿಯುವಂಥ ಕನ್ನಡ ಪದ ಸಿಕ್ಕಿತೆಂದು ನನಗೆ ಒಳಗೇ ಸಮಾಧಾನವಾಗಿತ್ತು.

"ಮೊದಲಿನ ತುಣುಕಿನಾಗ ಗುರುತು ಸರಿಯಾಗಿ ಸಿಗಲಿಲ್ಲಪ್ಪ. ಈ ಸಲ ಸ್ವಲ್ಪ ಆಳಕ್ಕ ಕೊಯ್ದು ಗುರುತು ನೋಡತೀವಿ. ಸಿಕ್ಕರ ಹೈದರಾಬಾದಿಗೆ ಕಳಸೋದು."

ಅವನು ಕಿವಿಯ ಅರಳೆಯನ್ನು ಮುಟ್ಟಿಕೊಂಡು, "ಎಡಗಿವೀನ ಅಲ್ರಿ?" ಎಂದ.

"ಮತ್ಯಾವುದು?" ಎಂದು ನಾನು ನಕ್ಕೆ. ಅವನು ನಗಲಿಲ್ಲ. ಎದ್ದು ಥಿಯೇಟರಿಗೆ ಬಂದ.

ಮರುದಿನ ಬೆಳಿಗ್ಗೆ ಅವನ ಹಾಸಿಗೆ ಖಾಲಿ ಇತ್ತು. ಕೌದಿ, ತಂಬಿಗೆ ಏನೂ ಇರಲಿಲ್ಲ.

ಅವನಿಲ್ಲದೆಯೇ ಅವನ ತುಣುಕು ನನ್ನ ಕೋಣೆಯಲ್ಲಿ ತಯಾರಾಯಿತು. ಈ ಸಲ ಅನುಮಾನಕ್ಕೆ ಜಾಗವಿರಲಿಲ್ಲ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಚರ್ಮದ ಮೇಲ್ಪದರದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಮಾಮೂಲಿ ಬಣ್ಣದಲ್ಲಿ ಅದು ಸೌಮ್ಯವಾಗಿಯೇ ಕಂಡಿತು. ಕೋಶಗಳು ಇನ್ನೂ ಚರ್ಮವನ್ನು ಹೋಲುತ್ತಿದ್ದವು, ನಡುನಡುವೆ ಚರ್ಮವನ್ನು ಗಟ್ಟಿಯಾಗಿಸುವ ಕೆರಾಟಿನ್ನಿನ ಉಂಡೆಗಳು ಮುತ್ತಿನಂತೆ ಹೊಳೆಯುತ್ತಿದ್ದವು. ಇಂಥದ್ದು ನಿಧಾನವಾಗಿ ಬೆಳೆಯುತ್ತದೆ ಎಂದು ನಮಗೆ ಕಲಿಸಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಹೆದರಿಕೆ ಅರ್ಧ ಇಳಿಯುತ್ತಿತ್ತು.

ಆಗ ಹೊಸದಾಗಿ ಒಂದು ಬೆಳ್ಳಿಯ ಬಣ್ಣ ಬಳಕೆಗೆ ಬರುತ್ತಿತ್ತು. ಸಿಲ್ವರ್ ನೈಟ್ರೇಟನ್ನು ಜೆಲಟಿನ್ ಮತ್ತು ಫಾರ್ಮಿಕ್ ಆಸಿಡ್ಡಿನೊಂದಿಗೆ ಬೆರೆಸಿ ಕತ್ತಲಲ್ಲಿ ಸ್ಲೈಡಿನ ಮೇಲೆ ಬಿಟ್ಟರೆ ಪ್ರತಿ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಕಪ್ಪು ಚುಕ್ಕಿಗಳು ಮೂಡುತ್ತವೆ. ಕೋಶ ಎಷ್ಟು ಅವಸರದಲ್ಲಿ ಒಡೆದು ಹೆಚ್ಚುತ್ತಿದೆಯೋ ಅಷ್ಟು ಚುಕ್ಕಿ ಹೆಚ್ಚು ಎಂಬುದು ಅದರ ಹಿಂದಿನ ತರ್ಕ. ದೊಡ್ಡ ಯಂತ್ರ ಬೇಡ, ದೊಡ್ಡ ಖರ್ಚಿಲ್ಲ, ಶುದ್ಧ ನೀರು ಮತ್ತು ತಾಳ್ಮೆ ಬೇಕು. ನನ್ನ ಮೊದಲ ಸ್ಲೈಡು ಮಸಿ ಬಳಿದಂತಾಯಿತು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಇದಕ್ಕೆ ಸಾಲುವುದಿಲ್ಲ ಎಂದು ಅರ್ಥವಾಗಿ, ಇಂಜೆಕ್ಷನ್ನಿಗೆ ಬಳಸುವ ನೀರಿನ ಆಂಪೂಲುಗಳನ್ನು ಒಡೆದೊಡೆದು ಮತ್ತೆ ಮಾಡಿದೆ. ಎರಡನೆಯ ಸ್ಲೈಡು ಸ್ವಚ್ಛವಾಗಿ ಬಂತು.

ನೂರು ನ್ಯೂಕ್ಲಿಯಸ್ ಎಣಿಸಿದೆ. ಅದೇ ತುಣುಕಿನ ಅಂಚಿನಲ್ಲಿದ್ದ ಆರೋಗ್ಯವಂತ ಚರ್ಮದಲ್ಲಿ ಒಂದಕ್ಕೆ ಒಂದೋ ಎರಡೋ ಚುಕ್ಕಿ. ರೋಗದ ಜಾಗದಲ್ಲಿ ಒಂದಕ್ಕೆ ಐದು, ಆರು, ಕೆಲವಕ್ಕೆ ಒಂಬತ್ತು. ನಂಬಿಕೆ ಬಾರದೆ ಬೇರೆ ಜಾಗದಲ್ಲಿ ಮತ್ತೆ ನೂರು ಎಣಿಸಿದೆ. ಅಷ್ಟೇ ಬಂತು. ಮುತ್ತು ಪೋಣಿಸಿಕೊಂಡು ಸೌಮ್ಯವಾಗಿ ಕೂತಿದ್ದ ರೋಗ ಒಳಗೆ ಓಡುತ್ತಿತ್ತು.

ಖಾದರ್ ಸಾಹೇಬರು ಸ್ಲೈಡು ನೋಡಿದರು. "ಚುಕ್ಕಿ ಎಣಿಸಿ ಭವಿಷ್ಯ ಹೇಳಾಕತ್ತೀಯೇನು ಬೇಟಿ, ಗಿಳಿ ಶಾಸ್ತ್ರದವರ ಹಂಗ?" ಎಂದರು. ಇದನ್ನು ಇನ್ನೂ ಪೂರ್ತಿ ನಂಬುವಂತಿಲ್ಲ ಎಂದು ನಾನೂ ಒಪ್ಪಿದೆ. ಆದರೆ ಅವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಗೋಡೆಯ ಮೇಲಿದ್ದ ಕಿವಿಯ ಚಿತ್ರದ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. ಕಿವಿಯ ಕಾಲುವೆಯ ಹಿಂದೆ, ಎಲುಬಿನೊಳಗೆ, ಸಣ್ಣ ಹುರಿಯಂಥ ಒಂದು ನರ ಇಳಿಯುತ್ತದೆ. ಅದು ಫೇಶಿಯಲ್ ನರ. ಕಣ್ಣು ಮುಚ್ಚುವುದು, ನಗುವುದು, ತುಟಿ ಬಿಗಿಯುವುದು ಎಲ್ಲ ಅದರ ಕೆಲಸ. ರೋಗ ಕಾಲುವೆಯಲ್ಲೇ ಇರುವಾಗ ಸುತ್ತಲಿನ ಎಲುಬಿನ ಸಮೇತ ತೆಗೆದರೆ ಮನುಷ್ಯ ಉಳಿಯುತ್ತಾನೆ, ಮುಖವೂ ಉಳಿಯುತ್ತದೆ. ನರಕ್ಕೆ ಮುಟ್ಟಿದರೆ ಮುಖ ಹೋಗುತ್ತದೆ. ಅದನ್ನೂ ದಾಟಿದರೆ ಹೈದರಾಬಾದಿನಲ್ಲೂ ಯಾರೂ ಚಾಕು ಹಿಡಿಯುವುದಿಲ್ಲ.

ಪೊಲೀಸರಿಗೆ ಹೇಳೋಣವೇ ಎಂದು ಕೇಳಿದೆ.

"ಪೊಲೀಸರು ಅಂದ್ರ ಇನ್ನೂ ದೂರ ಓಡತಾನ. ನೀನ ಹೋಗು ಬೇಟಿ. ನಿನ್ನ ನೋಡಿದ್ರ ಯಾರು ಹೆದರತಾರ?"

ಡಿಸೆಂಬರ್ ಮೊದಲ ವಾರ ಎರಡು ದಿನ ರಜೆ ಬರೆದು ಜಾಲಹಳ್ಳಿಗೆ ಹೋದೆ. ಅವನು ಹೋಗಿ ಆಗಲೇ ಎರಡು ವಾರವಾಗಿತ್ತು. ವಿಳಾಸ ಎಂದು ನನ್ನ ಹತ್ತಿರ ಇದ್ದದ್ದು ಅವನ ಹೆಸರು ಮತ್ತು ಊರು ಮಾತ್ರ. ಬಸ್ ಇಳಿದಲ್ಲಿ ಕೇಳಿದರೆ ಸಾಕಾಯಿತು, ಮನೆ ತೋರಿಸಿದರು. ಹುಲಿಗೆವ್ವ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯಿಂದ ಬಂದೆ ಎಂದರೂ ಒಳಗೆ ಬಾ ಎನ್ನಲಿಲ್ಲ.

"ಇನ್ನೊಂದು ಕಿವಿ ಉಳದದಲ್ಲ, ಅದಕ್ಕ ಬಂದೀರೇನು ಬಾಯಾರ?" ಎಂದಳು. ನಮ್ಮ ಕಡೆ ಡಾಕ್ಟರಮ್ಮನನ್ನು ಬಾಯಾರ ಎಂದೇ ಕರೆಯುತ್ತಾರೆ.

ನಾನು ಜಗುಲಿಯ ಮೇಲೆ ಕೂತುಬಿಟ್ಟೆ. ಅವಳಿಗೆ ಏನನ್ನಿಸಿತೋ, ನೀರು ತಂದುಕೊಟ್ಟಳು. ಆಮೇಲೆ ನಿಂತುಕೊಂಡೇ ಹೇಳಿದಳು.

ಅವರ ಹಿಂಡಿನಲ್ಲಿ ಪ್ರತಿ ಕುರಿಯ ಬಲಗಿವಿಗೆ ಒಂದು ಕಚ್ಚು ಇರುತ್ತದೆ. ಅದು ಮನೆತನದ ಗುರುತು. ಹರಕೆ ಹೊತ್ತು ದೇವರಿಗೆ ಬಿಟ್ಟ ಕುರಿಗೆ ಮಾತ್ರ ಎಡಗಿವಿ ಕೊಯ್ಯುತ್ತಾರೆ. ಕೊಯ್ದ ದಿನದಿಂದ ಅದು ಮನೆಯದಲ್ಲ. ಮೇಯುತ್ತದೆ, ಹಿಂಡಿನ ಜೊತೆ ನಡೆಯುತ್ತದೆ. ಕಾಯಿಲೆ ಬಿದ್ದರೆ ಯಾರೂ ಔಷಧಿ ಹಾಕುವುದಿಲ್ಲ, ಮಾರುವುದಿಲ್ಲ. ಅದನ್ನು ಕಳಿಸುವ ದಿನ ಬಂದಾಗ ಕಳಿಸುತ್ತಾರೆ, ಅಂದರೆ ದೇವರಿಗೆ ಬಲಿ ಕೊಡುತ್ತಾರೆ. ಎಡಗಿವಿ ಕೊಯ್ದು, ಗುರುತು ಸಿಕ್ಕಿದ ಮೇಲೆ ಕಳಿಸುತ್ತೇವೆ ಎಂದು ನಾನು ಬೀರಪ್ಪನಿಗೆ ಹೇಳಿದ ಮಾತು ಅವನಿಗೆ ಹೇಗೆ ಕೇಳಿಸಿತ್ತೆಂದು ಆಗ ತಿಳಿಯಿತು. ಅವನು ಒಂದೇ ರಾತ್ರಿ ಮನೆಯಲ್ಲಿದ್ದು, ಗುರುತು ಬಿತ್ತು ಎಂದಷ್ಟೇ ಹೇಳಿ, ತನ್ನ ತಮ್ಮ ಹಿಂಡು ಹೊಡೆದುಕೊಂಡು ಹೋಗಿದ್ದ ಮಾನ್ವಿ ಕಡೆಗೆ ನಡೆದಿದ್ದ.

ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಕಪ್ಪು ಚುಕ್ಕಿ, ನರ, ಮುಖ, ಯಾವುದನ್ನೂ ಬಿಡಲಿಲ್ಲ. ಅವಳು ಒಂದೇ ಪ್ರಶ್ನೆ ಕೇಳಿದಳು.

"ಅದು ಎಷ್ಟು ದಿನ ಕಾಯತದ್ರಿ?"

"ಕಾಯೂದಿಲ್ಲವ್ವ."

ಅವಳು ಒಳಗೆ ಹೋಗಿ ರೊಟ್ಟಿ ಕಟ್ಟಿಕೊಂಡು ಬಂದು ಬಾಗಿಲಿಗೆ ಚಿಲಕ ಹಾಕಿದಳು.

ಆ ರಾತ್ರಿ ದೇವದುರ್ಗದಲ್ಲಿ ಅವಳ ತವರಿನವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಸಿರವಾರದಲ್ಲಿ ಬಸ್ ಬದಲಿಸಿ ಮಾನ್ವಿಗೆ ಹೋದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಬೀರಪ್ಪನ ಬಾಯಿಯ ಎಡ ಮೂಲೆ. ಅದು ಜೋತುಬಿದ್ದಿದ್ದರೆ ಮುಗಿಯಿತು. ಮೈಕ್ರೋಸ್ಕೋಪಿನಡಿ ಕಂಡದ್ದು ಎಷ್ಟೇ ಕೆಟ್ಟದಿದ್ದರೂ ಅದಕ್ಕೆ ಮುಖವಿರುವುದಿಲ್ಲ. ಈ ಸಲ ನಾನು ನೋಡಬೇಕಾದದ್ದು ಮುಖವನ್ನೇ. ಪಕ್ಕದಲ್ಲಿ ಕೂತಿದ್ದ ಹುಲಿಗೆವ್ವ, ನಾನು ಮುಂದಿನ ಸೀಟಿನ ಕಂಬಿಯನ್ನು ಬಿಡದೆ ಹಿಡಿದದ್ದನ್ನು ನೋಡಿ, ಬಸ್ಸಿಗೆ ಹೆದರುತ್ತೀರೇನು ಎಂದು ಕೇಳಿದಳು. ಹೌದು ಎಂದೆ.

ನೀರಮಾನ್ವಿಯ ಆಚೆ, ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಹಿಂಡು ಇತ್ತು. ಗದ್ದೆಗೆ ಗೊಬ್ಬರವಾಗಲೆಂದು ರೈತರು ರಾತ್ರಿ ಹಿಂಡನ್ನು ಅಲ್ಲೇ ತರುಬಿ ನಿಲ್ಲಿಸಿಕೊಳ್ಳುತ್ತಾರೆ, ಬದಲಿಗೆ ಕಾಳು ಕೊಡುತ್ತಾರೆ. ನಾವು ಬದುವಿನ ಮೇಲೆ ನಡೆಯುತ್ತಿದ್ದಾಗ ದೂರದಿಂದ ಕುರಿ ಕರೆಯುವ ದನಿ ಕೇಳಿಸಿತು. ತುಟಿ ಬಿಗಿದು ಗಾಳಿ ಊದಿ ಮಾಡುವ, ಗಿರಗಿರನೆ ತಿರುಗುವ ಸದ್ದು. ನನಗೆ ಜೀವ ಬಂದಂತಾಯಿತು. ತುಟಿ ಬಿಗಿಯಬಲ್ಲವನ ಫೇಶಿಯಲ್ ನರ ಸರಿಯಿರುತ್ತದೆ.

ಹುಲಿಗೆವ್ವ ನಿಂತಳು. "ಅದು ನಮ್ಮ ಮೈದುನಂದು. ಮನ್ಯಾವ್ರದು ಅಲ್ಲ" ಎಂದಳು.

ಬೀರಪ್ಪ ಗದ್ದೆಯ ಅಂಚಿನಲ್ಲಿ ಕಂಬಳಿ ಮುಸುಕಿಟ್ಟು ಕೂತಿದ್ದ. ನನ್ನನ್ನು ನೋಡಿ ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದ. ನಾನು ಹತ್ತಿರ ಹೋಗಲಿಲ್ಲ. ಕಣ್ಣಿನ ಕೆಳಗಿನ ಭಾಗ ಪೂರ್ತಿ ಕಂಬಳಿಯಲ್ಲಿತ್ತು.

"ಬೀರಪ್ಪ, ನಾ ಮುಟ್ಟೂದಿಲ್ಲ. ಕಂಬಳಿ ತಗದು ಒಮ್ಮೆ ಕುರಿ ಕರೀರಿ."

"ಕುರಿ ಇಲ್ಲೇ ಅವಲ್ರಿ. ಯಾಕ ಕರೀಲಿ?"

"ಕರೀರಿ ಅತ್ಲಾಗ" ಎಂದಳು ಹುಲಿಗೆವ್ವ. "ಗಂಟೇನು ಹೋಗತದ ನಿಮ್ದು."

ಅವನು ಕಂಬಳಿ ಸರಿಸಿದ. ಮೇಲ್ನೋಟಕ್ಕೆ ಮುಖ ಸಮವಾಗಿಯೇ ಇತ್ತು. ತುಟಿ ಬಿಗಿದು ಊದಿದ. ಸದ್ದು ಶುರುವಾಗಿ ನಡುವೆಯೇ ಒಡೆಯಿತು. ಎಡ ಮೂಲೆಯಿಂದ ಗಾಳಿ ಪುಸ್ಸೆಂದು ಹೊರಗೆ ಹೋಯಿತು. ಮತ್ತೊಮ್ಮೆ ಊದಿದ, ಮತ್ತೆ ಒಡೆಯಿತು. ನಾನು ಏನೂ ಹೇಳುವ ಮೊದಲೇ ಅವನು ಹೇಳಿದ.

"ಮೂರು ದಿನ ಆತ್ರಿ. ಅಂವ ಹಗ್ಗ ಎಳಿಯಾಕತ್ತಾನ."

ಅಂವ ಎಂದರೆ ದೇವರು. ಅಷ್ಟು ತಣ್ಣಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಮೂರು ದಿನವೆಂದರೆ ನರ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ರೋಗ ಅದರ ಬಾಗಿಲಲ್ಲಿ ನಿಂತಿದೆ. ನಾನು ಅವಸರಕ್ಕೆ ಬಿದ್ದು ವಿವರಿಸತೊಡಗಿದೆ. ಗುರುತು ನಾನು ಹಾಕಿದ್ದಲ್ಲ, ಮೊದಲೇ ಕಿವಿಯೊಳಗೆ ಇತ್ತು, ನಾನು ಅದನ್ನು ನೋಡಿದ್ದು ಅಷ್ಟೇ ಎಂದೆ.

ಅವನು ತಲೆಯಾಡಿಸಿದ. "ಅದನ್ನ ನಾನೂ ಹೇಳೋದು. ನೀವು ಹಾಕಿದ್ದಲ್ಲ. ಅಂವನ ಹಾಕಿದ್ದು."

ನಾನು ಕಲಿತದ್ದೆಲ್ಲ ಅವನ ಕಡೆಯ ಸಾಕ್ಷಿಯೇ ಆಗುತ್ತಿತ್ತು.

ಹುಲಿಗೆವ್ವ ಅಲ್ಲಿಯವರೆಗೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದಳು. ಈಗ ಗಂಡನಿಗೆ, ಹೋದ ವರ್ಷ ಬಿಡಿಸಿಕೊಂಡ ಕಂದು ಕುರಿ ಎಲ್ಲಿ ಎಂದು ಕೇಳಿದಳು. ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಹರಕೆಯ ಕುರಿಯೊಂದನ್ನು ಮನೆಗೆ ಉಳಿಸಿಕೊಳ್ಳಬೇಕೆನ್ನಿಸಿದರೆ ಅವರಲ್ಲಿ ಅದಕ್ಕೊಂದು ದಾರಿ ಇದೆಯಂತೆ. ಬದಲಿಗೆ ಒಳ್ಳೆಯ ಟಗರೊಂದನ್ನು ಕೊಟ್ಟು, ಇದರ ಬಲಗಿವಿಗೆ ಮತ್ತೆ ರಕ್ತ ಬರುವಂತೆ ಮನೆತನದ ಕಚ್ಚು ಹಾಕುವುದು. ಅಲ್ಲಿಗೆ ಅದು ತಿರುಗಿ ಹಿಂಡಿನದಾಗುತ್ತದೆ.

"ಬದಲಿ ಟಗರು ನಾ ಕೊಡತೀನಿ" ಎಂದಳು. "ಬಲಗಿವಿಗೆ ಬಾಯಾರ ಹಾಕ್ಲಿ."

"ಮನಶ್ಯಾಗ ಅದೆಲ್ಲಾ ನಡೀತದೇನು?"

"ಎಡಗಿವಿ ನಡೀತದಂದ್ರ ಬಲಗಿವಿ ಯಾಕ ನಡಿಯಂಗಿಲ್ಲ?"

ಇಬ್ಬರೂ ನನ್ನ ಕಡೆ ತಿರುಗಿದರು. ಆರೋಗ್ಯವಾಗಿರುವ ಕಿವಿಗೆ ಕತ್ತರಿ ಹಾಕಲು ನನ್ನಿಂದಾಗದು. ಆಗುವುದಿಲ್ಲ ಎಂದರೆ ಅವನು ಅಲ್ಲಿಂದ ಏಳುವುದಿಲ್ಲ. ಆಗ ನೆನಪಾದದ್ದು ನಮ್ಮ ಲ್ಯಾಬಿನ ಒಂದು ದಿನನಿತ್ಯದ ಕೆಲಸ. ಆಪರೇಷನ್ನಿಗೆ ಹೋಗುವ ರೋಗಿಗೆ ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೋಡಬೇಕು. ಅದಕ್ಕೆ ಬ್ಲೀಡಿಂಗ್ ಟೈಮ್ ಎನ್ನುತ್ತೇವೆ. ಕಿವಿಯ ಹಾಲೆಗೆ ಲ್ಯಾನ್ಸೆಟ್ ಸೂಜಿಯಿಂದ ಚುಚ್ಚಿ, ಅರ್ಧ ಅರ್ಧ ನಿಮಿಷಕ್ಕೆ ಫಿಲ್ಟರ್ ಪೇಪರಿನಿಂದ ಒತ್ತಿ ನೋಡುವುದು. ಯಾವ ಕಿವಿಯಾದರೂ ನಡೆಯುತ್ತದೆ.

ಅವನಿಗೆ ಸುಳ್ಳು ಹೇಳಬಾರದೆಂದು ನಿರ್ಧರಿಸಿದೆ. ಇದು ಪರೀಕ್ಷೆ, ಎಲ್ಲರಿಗೂ ಮಾಡುತ್ತೇವೆ, ನಿಮಗೆ ಬಲಗಿವಿಗೆ ಮಾಡುತ್ತೇನೆ, ಅದನ್ನು ನೀವು ಏನೆಂದು ತಿಳಿಯುತ್ತೀರೋ ನಿಮಗೆ ಬಿಟ್ಟದ್ದು ಎಂದೆ.

"ರಕ್ತ ಬರತದಲ್ರಿ?"

"ಬರತದ."

"ಸಾಕು" ಎಂದ.

ಮೈದುನನಿಗೆ ಟಗರು ತೋರಿಸಿ ಬೇರೆ ಕಟ್ಟಲು ಹೇಳಿ ಹುಲಿಗೆವ್ವ ನಮ್ಮ ಮುಂದೆ ನಡೆದಳು. ಮರುದಿನ ಬೆಳಿಗ್ಗೆ ರಾಯಚೂರಿನ ಲ್ಯಾಬಿನಲ್ಲಿ ಬೀರಪ್ಪ ಸ್ಟೂಲಿನ ಮೇಲೆ ಕೂತ. ಸಾಮಾನ್ಯವಾಗಿ ಟೆಕ್ನಿಷಿಯನ್ ಮಾಡುವ ಕೆಲಸವನ್ನು ಆ ದಿನ ನಾನೇ ಮಾಡಿದೆ. ಸ್ಪಿರಿಟ್ ಒರೆಸಿ ಚುಚ್ಚಿದೆ. ರಕ್ತದ ಹನಿ ಮೂಡಿದಾಗ ಹುಲಿಗೆವ್ವ ಬಗ್ಗಿ ನೋಡಿದಳು. ಕಾಗದದ ಮೇಲೆ ಕೆಂಪು ಚುಕ್ಕೆಗಳು ಒಂದಕ್ಕಿಂತ ಒಂದು ಸಣ್ಣದಾಗುತ್ತ ಐದು ಬಿದ್ದವು, ಆರನೆಯ ಸಲ ಕಾಗದ ಬಿಳಿಯಾಗಿ ಬಂತು. ಎರಡೂವರೆ ನಿಮಿಷ. ನಾರ್ಮಲ್ ಎಂದು ಬರೆದೆ.

"ಈಗ ನಾ ಯಾರವನ್ರಿ?" ಎಂದು ಬೀರಪ್ಪ ಕೇಳಿದ. ನನ್ನನ್ನು ಕೇಳಿದ್ದನೋ ಹೆಂಡತಿಯನ್ನೋ ಗೊತ್ತಾಗಲಿಲ್ಲ.

"ನಮ್ಮವರು. ಏಳ್ರಿ, ಹೈದರಾಬಾದ್ ಬಸ್ಸಿಗೆ ಹೊತ್ತಾತು" ಎಂದಳು ಅವಳು.

ಖಾದರ್ ಸಾಹೇಬರು ಹೈದರಾಬಾದಿನಲ್ಲಿ ತಮ್ಮ ಪರಿಚಯದ ಸರ್ಜನ್ನರಿಗೆ ಮೊದಲೇ ಫೋನ್ ಮಾಡಿಟ್ಟಿದ್ದರು. ಡಿಸೆಂಬರಿನಲ್ಲೇ ಆಪರೇಷನ್ ಆಯಿತು. ಕಿವಿಯ ಕಾಲುವೆಯನ್ನು ಸುತ್ತಲಿನ ಎಲುಬಿನ ಜೊತೆ ತೆಗೆದರು. ರೋಗ ನರವನ್ನು ತಬ್ಬಿಕೊಂಡಿತ್ತು, ದಾಟಿರಲಿಲ್ಲ. ಆ ನರದ ಒಂದು ಭಾಗವನ್ನೂ ಕತ್ತರಿಸಬೇಕಾಯಿತು. ಆಮೇಲೆ ಆರು ವಾರ ರೇಡಿಯೇಷನ್. ಈಗ ಬೀರಪ್ಪನಿಗೆ ಆ ಕಿವಿ ಕೇಳಿಸುವುದಿಲ್ಲ, ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ, ಬಾಯಿ ಒಂದು ಕಡೆ ಎಳೆದಿದೆ. ಕುರಿ ಕರೆಯುವಾಗ ಎಡ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿಯುತ್ತಾನಂತೆ.

ಕಪ್ಪು ಚುಕ್ಕಿಗಳು ನಿಜ ಹೇಳಿದವೇ ಎಂದು ನನ್ನನ್ನು ಕೆಲವರು ಕೇಳಿದ್ದಾರೆ. ಬೇಗ ಬೆಳೆಯುತ್ತದೆ ಎಂದು ಹೇಳಿದವು, ಬೇಗ ಬೆಳೆಯಿತು. ಒಬ್ಬ ರೋಗಿಯಿಂದ ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. "ಗಿಳಿ ಒಮ್ಮೆ ಸರಿಯಾದ ಚೀಟಿ ತಗೀತು ಬೇಟಿ, ಅಷ್ಟಕ್ಕ ಅದಕ್ಕ ಡಿಗ್ರಿ ಕೊಡಬ್ಯಾಡ" ಎಂದು ಖಾದರ್ ಸಾಹೇಬರು ಎಚ್ಚರಿಸಿದರು. ಆ ಬಣ್ಣವನ್ನು ಈಗಲೂ ಮಾಡುತ್ತೇನೆ, ಎಣಿಸುತ್ತೇನೆ.

ಬದಲಾದದ್ದು ಬೇರೆ. ಬಯಾಪ್ಸಿ ಬೇಕೆಂದರೆ ಈಗ ನಾನೇ ವಾರ್ಡಿಗೆ ಹೋಗುತ್ತೇನೆ. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ಹೇಳಿದ ಮೇಲೆ, ನಾನು ಹೇಳಿದ್ದನ್ನು ನೀವು ನನಗೆ ಹೇಳಿ ಎಂದು ಕೂತು ಕೇಳುತ್ತೇನೆ. ನನ್ನ ಬಾಯಿಂದ ಹೊರಟ ಮಾತು ಅವರ ಮನೆಯಲ್ಲಿ ಏನಾಗಿ ಇಳಿಯುತ್ತದೆಂದು ಇನ್ನಾವ ರೀತಿಯಲ್ಲೂ ತಿಳಿಯುವುದಿಲ್ಲ. ಅಂಗಾಂಶವನ್ನು ಓದಲು ಕಲಿಸಿದ ಐದು ವರ್ಷದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಬೀರಪ್ಪ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾನೆ. ಇಲ್ಲಿಯವರೆಗೆ ನಾಲ್ಕು ಸಲ ಬಂದಿದ್ದಾನೆ. ಸಾಹೇಬರು ಅವನ ಕುತ್ತಿಗೆಯಲ್ಲಿ ಗಂಟು ಇದೆಯೇ ಎಂದು ತಡಕುವಾಗ ನಾನು ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತೇನೆ. ಕಳೆದ ತಿಂಗಳು ಅವನು, ನಾನು ಬದುಕುತ್ತೇನೋ ಇಲ್ಲವೋ ಎಂದು ನೇರವಾಗಿ ಕೇಳಿದ. ಮೊದಲ ಎರಡು ವರ್ಷದಲ್ಲೇ ಈ ರೋಗ ಮರಳುವ ಭಯ ಹೆಚ್ಚು, ಅಲ್ಲಿಯವರೆಗೆ ಏನೂ ಹೇಳಲು ಬರುವುದಿಲ್ಲ ಎಂದು ಹೇಳಿದೆ. ನಾನು ಏನು ಹೇಳಿದೆ, ನೀವು ಹೇಳಿ ಎಂದೆ.

"ಇನ್ನೊಂದು ವರ್ಷ ನನಗೂ ಗೊತ್ತಾಗೂದಿಲ್ಲ, ನಿಮಗೂ ಗೊತ್ತಾಗೂದಿಲ್ಲ" ಎಂದ. ಆಮೇಲೆ ಮುಚ್ಚದ ಆ ಕಣ್ಣಿನಿಂದ ನನ್ನನ್ನೇ ನೋಡುತ್ತ ಕೇಳಿದ. "ನಿಮಗೂ ಹೆದರಿಕಿ ಅದ ಅಲ್ರಿ ಬಾಯಾರ?"

"ಅದ" ಎಂದೆ.

"ಹಂಗಾರ ಮತ್ತ ಬರತೀನಿ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡ.